ಉಡಿದಾರದ ತೂಕ

ತಿಪಟೂರು
೧೧ ಜುಲೈ ೨೦೨೪

ಪ್ರೀತಿಯ ಅವ್ವಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಬಾಣಂತನಕ್ಕೆಂದು ಮಾಯಸಂದ್ರಕ್ಕೆ ಹೋದವಳು ಹಂಡೆಗಟ್ಟಲೆ ನೀರು ಹೊರಬೇಡ, ಭಾವನಿಗೂ ಕೈಕಾಲಿದೆ. ಇಲ್ಲಿಯ ಸಂಗತಿಯನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೇ ಸಮಾಧಾನ ಮಾಡಲು ಶುರುಮಾಡುತ್ತೀಯ. ನನಗೆ ಪೂರ್ತಿ ಕೇಳುವವರು ಬೇಕು.

ನನ್ನನ್ನು ಮಕ್ಕಳ ವಾರ್ಡಿಗೆ ಹಾಕಿ ಮೂರು ವಾರವಾಯಿತು. ನಮ್ಮ ನರ್ಸಿಂಗ್ ವಿದ್ಯಾರ್ಥಿಗಳ ತಂಡದಲ್ಲಿ ಗಂಡುಹುಡುಗ ನಾನೊಬ್ಬನೇ. ದೊಡ್ಡವರ ವಾರ್ಡಿನಲ್ಲಿ ಕಲಿತದ್ದು ಇಲ್ಲಿ ಒಂದೂ ನಡೆಯುವುದಿಲ್ಲ. ಮಗುವಿನ ಉಸಿರು ಎಣಿಸುತ್ತಾ ನಲವತ್ತಕ್ಕೆ ಬರುವಷ್ಟರಲ್ಲಿ ಅಳು ಶುರು, ಮತ್ತೆ ಒಂದರಿಂದ. ಎಲ್ಲಿ ನೋವು ಎಂದು ಕೇಳಿದರೆ ಹೇಳುವವರು ಯಾರು?

ಸೋಮವಾರ ಚಿಕ್ಕನಾಯಕನಹಳ್ಳಿ ಕಡೆಯ ಹೊಂಬಾಳಮ್ಮ ಎಂಬ ಅಜ್ಜಿ, ವಾಂತಿಭೇದಿಯಿಂದ ಸೊರಗಿದ್ದ ಎಂಟು ತಿಂಗಳ ಮೊಮ್ಮಗನನ್ನು ಕರೆತಂದರು. ತೂಕ ನೋಡಬೇಕು, ಬಟ್ಟೆ, ಬೆಳ್ಳಿ ಉಡಿದಾರ, ಕಾಲ್ಗಡಗ ಬಿಚ್ಚಿ ಎಂದೆ. "ದೃಷ್ಟಿ ಆಯ್ತದೆ ಕಣಪ್ಪ, ಬಿಚ್ಚಾಕಿಲ್ಲ" ಎಂದರು. ಬೇಸತ್ತು ಹಾಗೆಯೇ ತೂಗಿ ಬರೆದುಬಿಟ್ಟೆ. ನಮ್ಮ ವಾರ್ಡಿನ ಹಿರಿಯ ನರ್ಸ್ ಸಿಸ್ಟರ್ ರಾಧಾಮಣಿ ಚೀಟಿ ನೋಡಿದರು, ಮಗುವನ್ನು ನೋಡಿದರು. ಎಲ್ಲರೆದುರೇ, "ಬೆಳ್ಳಿಗೂ ಔಷಧಿ ಕುಡಿಸ್ತೀಯೇನೋ ಯೋಗೀಶಾ? ಮಕ್ಕಳಿಗೆ ತೂಕ ನೋಡಿ ಔಷಧಿ ಕೊಡೋದು ಕಣೋ!" ಎಂದರು. ಅವರು ಕೇಳಿದ್ದೇ ತಡ, ಅಜ್ಜಿ ಎಲ್ಲವನ್ನೂ ಬಿಚ್ಚಿಕೊಟ್ಟರು. ಮುನ್ನೂರು ಗ್ರಾಂ ವ್ಯತ್ಯಾಸ!

ಆಮೇಲೆ ಅಜ್ಜಿ ನನ್ನನ್ನು ಹತ್ತಿರ ಸೇರಿಸಲಿಲ್ಲ. "ಗಂಡಸ್ರ ಕೈಗೆ ಕೂಸು ಕೊಡಾಕಿಲ್ಲ" ಎಂದರು. ಮಧ್ಯಾಹ್ನ ಬೇರೆ ಯಾರಿಗೂ ಬಿಡುವಿರಲಿಲ್ಲ. ಸಿಸ್ಟರ್ ಗದರಿದ ಮೇಲೆ ಅಜ್ಜಿ ಒಲ್ಲದ ಮನಸ್ಸಿನಿಂದ ಕೂಸನ್ನು ನನ್ನ ತೊಡೆಗೆ ಹಾಕಿದರು, ಓಆರ್‌ಎಸ್ ನೀರು ಕುಡಿಸಲು ನಾನೇ ಕೂತೆ. ಒಂದೊಂದೇ ಚಮಚ. ಕುಡಿದದ್ದನ್ನೆಲ್ಲ ಕಕ್ಕಿದ, ಹತ್ತು ನಿಮಿಷ ಕಾದು ಮತ್ತೆ ಮೊದಲಿಂದ. ಮೂರು ಸಲ ನನ್ನ ಅಂಗಿಯ ಮೇಲೇ. ಚಮಚ ಬಿಸಾಡಿ ಎದ್ದುಹೋಗೋಣ ಎನಿಸಿತು. ನಾಲ್ಕು ಗಂಟೆಗೆ ನನ್ನ ತೊಡೆ ಬೆಚ್ಚಗಾಯಿತು. ಬೆಳಗಿನಿಂದ ಒಂದು ಹನಿ ಉಚ್ಚೆ ಹೊಯ್ಯದಿದ್ದ ಮಗು ಅವ್ವಾ! "ಸಿಸ್ಟರ್, ಉಚ್ಚೆ ಹೊಯ್ದ!" ಎಂದು ಕೂಗಿದೆ. ವಾರ್ಡೆಲ್ಲ ನಕ್ಕಿತು. ಸಿಸ್ಟರ್ ನಗದೆ, "ಟೈಮ್ ಬರ್ಕೋ" ಎಂದರು, ಅಷ್ಟೇ.

ಇವತ್ತು ಮಗು ಗುಣವಾಗಿ ಮನೆಗೆ ಹೋಯಿತು. ಹೊಂಬಾಳಮ್ಮ ಸಿಸ್ಟರ್‌ಗೆ ಕೈಮುಗಿದು, ನನ್ನತ್ತ ತಿರುಗಿಯೂ ನೋಡದೆ ಮುಂದೆಯೇ ಹಾದುಹೋದರು. ಹೊಟ್ಟೆ ಉರಿಯಿತು.

ಅಕ್ಕ, ಭಾವನನ್ನು ಕೇಳಿದೆನೆಂದು ಹೇಳು. ಪಾಪುವಿಗೆ ಮುತ್ತು. ನಿನ್ನ ಕಾಲಿಗೆ ಇಲ್ಲಿಂದಲೇ ಬಿದ್ದಿದ್ದೇನೆ.

ನಿನ್ನ ಮಗ,
ಯೋಗೀಶ್

ಇನ್ನೊಂದು ಮಾತು: ಸೋಮವಾರ ಬೈಸಿಕೊಂಡ ಮೇಲೆ ಅಪ್ಪನಿಗೆ ಫೋನ್ ಮಾಡಿ, ಕೋರ್ಸ್ ಬಿಡುತ್ತೇನೆ, ಮುಂದಿನ ವಾರ ಬಂದು ಕರ್ಕೊಂಡುಹೋಗು, ಅವ್ವನಿಗೆ ಹೇಳಬೇಡ ಎಂದಿದ್ದೆ. ಬರುವುದು ಬೇಡವೆಂದು ನೀನೇ ಹೇಳು. ನಾನು ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಏನು ಹೇಳಬೇಕೋ ನನಗೂ ಗೊತ್ತಿಲ್ಲ.