ನೀವು ಹೇಳದೇ ಇದ್ದ ಮೂರು ಪದಗಳು

ಬಾಕ್ಸಿಂಗ್ ಮಂಡಳಿಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವೂ ಅಷ್ಟಕ್ಕಷ್ಟೆ. ಈ ಪತ್ರವನ್ನು ಅಚ್ಚಿಗೆ ಕೊಡುವ ಮುನ್ನ ತಿದ್ದುತ್ತೇವೆ ಎಂದು ಪತ್ರಿಕೆಯವರು ಹೇಳಿದ್ದಾರೆ. ನಿಮ್ಮ ಕಚೇರಿಗೆ ಬರುವ ಪ್ರತಿಯಲ್ಲಿ ಮಾತ್ರ ತಪ್ಪುಗಳೆಲ್ಲ ಇದ್ದ ಹಾಗೇ ಇರುತ್ತವೆ. ಅವನ್ನು ನೀವು ತಪ್ಪೆಂದು ಗುರುತಿಸಿದರೆ ನನಗೆ ಸಂತೋಷವೇ, ಏಕೆಂದರೆ ಕಳೆದ ವಾರ ನಿಮ್ಮ ಮೇಜಿನ ಎದುರೇ ನಡೆದ ತಪ್ಪೊಂದನ್ನು ನೀವು ಗುರುತಿಸಲಿಲ್ಲ. ನನ್ನ ಅಣ್ಣನ ತಲೆ ಸರಿಯಾಗಿದೆ, ಅವನು ಈ ಶನಿವಾರ ರಿಂಗಿಗೆ ಇಳಿಯಬಹುದು ಎಂದು ಸಹಿ ಹಾಕಿದಿರಿ. ಅವನ ತಲೆ ಸರಿಯಾಗಿಲ್ಲ. ಅವನು ಇಳಿಯಬಾರದು.

ನಾನು ಯಾರೆಂದು ನಿಮಗೆ ನೆನಪಿರಲಾರದು. ನಿಮ್ಮ ಕೋಣೆಯಲ್ಲಿ ತೂಕದ ಯಂತ್ರದ ಪಕ್ಕದ ಬೆಂಚಿನ ಮೇಲೆ, ಅಣ್ಣನ ಅಂಗಿಯನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ಕೂತಿದ್ದವಳು. ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಶಾಲೆ ನಾಲ್ಕನೆಯ ತರಗತಿಗೇ ಮುಗಿಯಿತು. ಆಮೇಲೆ ಓದಿದ್ದೆಲ್ಲ ಬಟ್ಟೆ ಸುತ್ತಿ ಕೊಡುವ ಹಳೆಯ ಪತ್ರಿಕೆಗಳಲ್ಲಿ. ಅವುಗಳಲ್ಲಿ ಓದುಗರು ದೊಡ್ಡವರಿಗೆ ಬರೆದ ಪತ್ರಗಳಿರುತ್ತಿದ್ದವು. ಎದುರಿಗೆ ಜನ ನಿಂತರೆ ನನ್ನ ಗಂಟಲು ಕಟ್ಟುತ್ತದೆ. ಕಾಗದದ ಎದುರು ಕಟ್ಟುವುದಿಲ್ಲ. ಆದ್ದರಿಂದ ಮುಖ ತೋರಿಸಿ ಹೇಳಬೇಕಾದ ಮಾತನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ನಾಚಿಕೆಯವರ ಧೈರ್ಯ ಹೀಗೇ ಅಡ್ಡದಾರಿ ಹಿಡಿಯುತ್ತದೆ.

ನನ್ನ ಅಣ್ಣ ಹುಡುಗನಾಗಿದ್ದಾಗ ಐಸ್ ಕಾರ್ಖಾನೆಯಲ್ಲಿ ಗಡ್ಡೆ ಹೊರುತ್ತಿದ್ದ. ಗೋಣಿ ಹಾಸಿದ ಬೆನ್ನಿನ ಮೇಲೆ ಗಡ್ಡೆ ಎತ್ತಿಕೊಂಡು ಲಾರಿಯ ಹಲಗೆ ಹತ್ತುವುದನ್ನು ಒಬ್ಬರು ದಿನಾ ನಿಂತು ನೋಡುತ್ತಿದ್ದರಂತೆ. ಅವರೇ ಗುರುಗಳು. ಟೈರ್ ಗೋದಾಮಿನ ಹಿಂದಿನ ಕೋಣೆಯಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದವರು. "ಹೊಡೆತ ಕೈಯಿಂದ ಬರೋದಲ್ಲ ಕಣೋ, ಕಾಲಿಂದ ಬರೋದು. ಕಾಲು ನಿನ್ನ ಹತ್ರ ಇದೆ. ಕೈ ನಾನು ಮಾಡಿಕೊಡ್ತೀನಿ" ಎಂದರಂತೆ. ಮಾಡಿಯೂ ಕೊಟ್ಟರು. ಅಣ್ಣ ಗೆಲ್ಲತೊಡಗಿದ. ನಮ್ಮ ಬೀದಿಯ ಕೊನೆಯ ಗೋಡೆಗೆ ಅವನ ಚಿತ್ರ ಅಂಟಿಸಿದಾಗ ಅಮ್ಮ ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಅದರ ಮೇಲಿನ ಧೂಳು ಒರೆಸಿ, ಬಣ್ಣವನ್ನೂ ಒರೆಸಿಕೊಂಡು ಬಂದಳು.

ಅವನದು ಮಿಡ್ಲ್‌ವೇಟ್. ಹಾಗೆಂದರೆ ಎಪ್ಪತ್ತೆರಡೂವರೆ ಕಿಲೋ, ಅದರ ಮೇಲೆ ಒಂದು ಗುಟುಕು ನೀರಿನ ಭಾರವೂ ಕೂಡದು. ಮಾಮೂಲಿ ದಿನಗಳಲ್ಲಿ ಅಣ್ಣ ಎಂಬತ್ತು ಕಿಲೋ ತೂಗುವ ಆಳು. ಪಂದ್ಯದ ವಾರ ಬಂತೆಂದರೆ ಅಡುಗೆಮನೆಯ ಬಾಗಿಲು ಹಾಕಿ, ಒಲೆಯ ಮೇಲೆ ನೀರು ಕುದಿಸಿ, ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಆ ಹಬೆಯಲ್ಲಿ ಕುಣಿಯುತ್ತಿದ್ದ. ಬಾಯಿ ಮುಕ್ಕಳಿಸಬಹುದು, ನುಂಗುವಂತಿಲ್ಲ.

"ನಾನು ಹೆತ್ತಿದ್ದು ಮನುಷ್ಯನ್ನ. ಇವರು ಹಿಂಡಿ ಒಣಗಿಸಿ ಅಳತೆಗೆ ತರ್ತಾರೆ" ಎಂದು ಅಮ್ಮ ಗೊಣಗುವಳು.

"ತಂಗಿ ಅಂಗಡೀಲಿ ಬಟ್ಟೆಗೆ ಮಾಡೋದೂ ಅದೇ ಅಲ್ವೇನಮ್ಮಾ? ಮೊದಲು ಒಣಗಿಸೋದು. ಇಸ್ತ್ರಿ ಆಮೇಲೆ, ರಿಂಗಲ್ಲಿ."

ಅಣ್ಣ ಹೀಗೇ, ಮಾತಿಗೊಂದು ತಮಾಷೆ. ಇದನ್ನು ಗಮನದಲ್ಲಿಡಿ, ಮಾನ್ಯರೇ. ಅವನು ತಮಾಷೆಗಾರ ಎಂಬುದೇ ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿತು.

ಒಮ್ಮೆ ಅವನು ಪಟ್ಟದ ಪಂದ್ಯದವರೆಗೂ ಹೋದ. ಹನ್ನೆರಡು ಸುತ್ತೂ ನಿಂತು ಹೊಡೆದಾಡಿ ಅಂಕಗಳಲ್ಲಿ ಸೋತ. ಎದುರಾಳಿಯ ಹೊಡೆತ ಎಷ್ಟು ಬಿದ್ದರೂ ಮೊಣಕಾಲು ನೆಲಕ್ಕೆ ತಾಗಲಿಲ್ಲ. ಜನ ಎದ್ದು ನಿಂತು "ಗೋಡೆ! ಗೋಡೆ!" ಎಂದು ಕೂಗಿದರು. ಅಂದಿನಿಂದ ಅವನಿಗೆ ಅದೇ ಹೆಸರು. ಆ ಹೊಗಳಿಕೆಯೇ ಅವನಿಗೆ ಮುಳುವಾಯಿತು. ಅಲ್ಲಿಂದ ಮುಂದೆ ಪಂದ್ಯ ನಡೆಸುವವರು ಅವನನ್ನು ಗೆಲ್ಲಲು ಕರೆಸಲಿಲ್ಲ. ಹೊಸ ಹುಡುಗರನ್ನು ಬೆಳೆಸಲು ಒಬ್ಬ ಗಟ್ಟಿ ಆಳು ಬೇಕಾಗುತ್ತದೆ. ಅವನು ಬೇಗ ಬೀಳಬಾರದು, ಬಿದ್ದರೆ ಟಿಕೆಟ್ ಕೊಂಡವರು ಗೊಣಗುತ್ತಾರೆ. ಗೆಲ್ಲಲೂಬಾರದು. ಅಣ್ಣ ಆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದ್ದ.

ಇಲ್ಲಿ ನಿಮ್ಮ ಮಂಡಳಿಯ ನಿಯಮವೊಂದನ್ನು ನೆನಪಿಸುತ್ತೇನೆ. ಹೊಡೆತ ತಿಂದು ಬಿದ್ದು, ಹತ್ತು ಎಣಿಸುವುದರೊಳಗೆ ಏಳದವನು ಕೆಲವು ವಾರ ರಿಂಗಿಗೆ ಬರುವಂತಿಲ್ಲ, ತಲೆಯ ಸ್ಕ್ಯಾನ್ ಮಾಡಿಸಲೇಬೇಕು. ಒಳ್ಳೆಯ ನಿಯಮ. ಆದರೆ ಬೀಳದವನಿಗೆ? ಅದೇ ಹೊಡೆತಗಳನ್ನು, ಅದಕ್ಕೂ ಹೆಚ್ಚಿನದನ್ನು, ನಿಂತೇ ತಿಂದವನಿಗೆ? ಅವನಿಗೆ ವಿಶ್ರಾಂತಿಯಿಲ್ಲ, ಸ್ಕ್ಯಾನಿಲ್ಲ, ಚಪ್ಪಾಳೆ ಇದೆ. ನನ್ನ ಅಣ್ಣ ಒಮ್ಮೆಯಾದರೂ ಹೇಡಿಯಂತೆ ಬಿದ್ದಿದ್ದರೆ ನಿಮ್ಮ ನಿಯಮ ಅವನನ್ನು ಕಾಪಾಡುತ್ತಿತ್ತು. ನಿಮ್ಮ ಮಂಡಳಿ ನೆಲಕ್ಕೆ ತಾಗಿದ ಮೊಣಕಾಲನ್ನು ಎಣಿಸುತ್ತದೆ. ತಲೆಗೆ ತಾಗಿದ್ದನ್ನು ಯಾರು ಎಣಿಸಬೇಕು?

ಈಚೆಗೆ ಅವನು ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಹೋಗತೊಡಗಿದ. ಹೇಳಿದ ತಮಾಷೆಯನ್ನೇ ಊಟ ಮುಗಿಯುವುದರೊಳಗೆ ಮತ್ತೆ ಹೇಳುವನು. ಅಮ್ಮ ಎರಡನೆಯ ಸಲವೂ ನಗುವಳು, ಮೂರನೆಯ ಸಲ ಎದ್ದು ಪಾತ್ರೆ ತೊಳೆಯಲು ಹೋಗುವಳು. ಒಂದು ದಿನ ಬೀದಿಯ ಕ್ಷೌರದಂಗಡಿಯವನು ನನ್ನನ್ನು ತಡೆದು ನಿಲ್ಲಿಸಿದ.

"ನಿಮ್ಮಣ್ಣ ಭಾರಿ ನಟ ಕಣಮ್ಮ! ನನ್ನ ಅಂಗಡಿ ಮುಂದೆ ನಿಂತ್ಕೊಂಡು, 'ಇಲ್ಲಿ ಗೋಡೆ ಮನೆ ಯಾವುದು?' ಅಂತ ನನ್ನನ್ನೇ ಕೇಳ್ತಾನೆ. ನಾನೂ ಬಿಡ್ಲಿಲ್ಲ. 'ಆ ಸೋಂಬೇರಿ ಮನೆನಾ? ಹೀಗೆ ಹೋಗಿ ಸ್ವಾಮಿ' ಅಂತ ಕೈ ತೋರಿಸ್ದೆ. 'ಉಪಕಾರ ಆಯ್ತು' ಅಂತ ಕೈ ಮುಗಿದು ಹೋದ!"

ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನನ್ನ ಕೈಯಲ್ಲಿದ್ದ ಬಟ್ಟೆಯ ಗಂಟು ಜಾರಿತು.

ಇನ್ನು ನಿಮ್ಮ ಪರೀಕ್ಷೆಯ ಮಾತು. ಪ್ರತಿ ಪಂದ್ಯಕ್ಕೂ ಮುಂಚೆ ನೀವು ಕೇಳುವುದು ಅವೇ ಪ್ರಶ್ನೆಗಳು. ನೂರರಿಂದ ಏಳೇಳು ಕಳೆಯುತ್ತಾ ಹೋಗು. ವಾರಗಳ ಹೆಸರನ್ನು ಕೊನೆಯಿಂದ ಮೊದಲಿಗೆ ಹೇಳು. ಮೂರು ಪದ ಹೇಳುತ್ತೇನೆ, ನೆನಪಿಟ್ಟುಕೊಂಡು ಕೊನೆಗೆ ಹೇಳು: ಕುರ್ಚಿ, ಸೇಬು, ರೈಲು. ನಿಮ್ಮ ಕುರ್ಚಿ ಬದಲಾಗಿಲ್ಲ, ಸೇಬು ಕೊಳೆತಿಲ್ಲ, ರೈಲು ಅದೇ ನಿಲ್ದಾಣದಲ್ಲಿ ವರ್ಷಗಟ್ಟಲೆ ನಿಂತಿದೆ. ಗುರುಗಳ ಜಿಮ್ಮಿಗೆ ಒಮ್ಮೆ ಬನ್ನಿ. ಅಲ್ಲಿ ಹಗ್ಗ ಜಿಗಿಯುವಾಗ ತಾಳಕ್ಕೆ ಏನು ಹೇಳುತ್ತಾರೆ ಗೊತ್ತೇ? "ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು! ಕುರ್ಚಿ, ಸೇಬು, ರೈಲು!" ಮೋಸ ಮಾಡಬೇಕೆಂದು ಯಾರೂ ಇದನ್ನು ಕಟ್ಟಲಿಲ್ಲ. ಹಳಬನೊಬ್ಬ ನಿಮ್ಮನ್ನು ಅಣಕಿಸಲು ಶುರು ಮಾಡಿದ್ದು, ಕಾಲಿಗೆ ಒಗ್ಗಿತು, ಉಳಿಯಿತು. ಎಪ್ಪತ್ತೆರಡಕ್ಕೆ ನೀವು "ಸಾಕು" ಎನ್ನುತ್ತೀರಿ, ಆದ್ದರಿಂದ ಹಗ್ಗವೂ ಅಲ್ಲಿಗೇ ನಿಲ್ಲುತ್ತದೆ. ಅದರಾಚೆಯ ಲೆಕ್ಕ ಆ ಕೋಣೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗಿಣಿಗೆ ಪಾಠ ಒಪ್ಪಿಸಲು ಹೇಳಿ, ಅದರ ಜ್ಞಾಪಕಶಕ್ತಿಗೆ ನೀವು ಸಹಿ ಹಾಕುತ್ತಿದ್ದೀರಿ.

ಕಳೆದ ವಾರ ದಾರಿ ತಪ್ಪೀತೆಂಬ ಭಯಕ್ಕೆ ನಾನೇ ಅಣ್ಣನ ಜೊತೆ ಬಂದಿದ್ದೆ. ನೀವು ಅವನ ಕಣ್ಣಿಗೆ ಬೆಳಕು ಬಿಟ್ಟು ನೋಡಿದಿರಿ, ಒಂಟಿಕಾಲಲ್ಲಿ ನಿಲ್ಲಿಸಿದಿರಿ. "ಈಗ ಮೂರು ಪದ ಹೇಳ್ತೀನಿ" ಎಂದಿರಿ. ಅಷ್ಟರಲ್ಲಿ ಫೋನು ಬಂತು. ನಿಮ್ಮ ಕಾರಿನ ಬ್ರೇಕು ಸರಿಯಿಲ್ಲವೆಂದು ಮೆಕ್ಯಾನಿಕ್ ಹೇಳುತ್ತಿದ್ದ ಹಾಗಿತ್ತು. "ಬ್ರೇಕ್ ವಿಷಯದಲ್ಲಿ ಹುಡುಗಾಟ ಬೇಡಪ್ಪಾ, ಇನ್ನೊಂದು ಸಲ ಪೂರ್ತಿ ಬಿಚ್ಚಿ ನೋಡು" ಎಂದು ಅವನಿಗೆ ಗದರಿದಿರಿ. ಫೋನು ಇಟ್ಟು ಏಳೇಳು ಕಳೆಯಲು ಹೇಳಿದಿರಿ, ವಾರಗಳನ್ನು ಹೇಳಿಸಿದಿರಿ. ಅಣ್ಣನ ಹಿಮ್ಮಡಿ ಹಗ್ಗ ಜಿಗಿಯುವವನ ಹಾಗೆ ಮೆಲ್ಲಗೆ ಏಳುತ್ತಾ ಇಳಿಯುತ್ತಾ ಇತ್ತು. ಆಮೇಲೆ ಕೇಳಿದಿರಿ:

"ಸರಿ, ಆ ಮೂರು ಪದ ಯಾವುದಪ್ಪಾ?"

"ಕುರ್ಚಿ, ಸೇಬು, ರೈಲು."

"ಶಭಾಷ್! ಗೋಡೆ ಗಟ್ಟಿಯಾಗೇ ಇದೆ."

ಮಾನ್ಯರೇ, ಆ ದಿನ ನೀವು ಆ ಪದಗಳನ್ನು ಹೇಳಿರಲೇ ಇಲ್ಲ. ನಿಮ್ಮ ಬಾಯಿಂದ ಬಾರದ ಮಾತನ್ನು ಅವನು ನೆನಪಿನಿಂದ ತೆಗೆದುಕೊಟ್ಟ. ನೀವು ಅದನ್ನು ಮೆಚ್ಚಿದಿರಿ. ಅವನೋ ಹೊಡೆತ ತಿಂದು ಮರೆತವನು. ತಾವು ಯಾವ ಹೊಡೆತ ತಿಂದು ಮರೆತಿರಿ?

ನಾನು ಎದ್ದು ನಿಂತೆ. "ಸಾರ್, ನೀವು ಆ ಪದ..." ಎಂದೆ. ಸ್ವರ ನನಗೇ ಕೇಳಿಸಲಿಲ್ಲ.

"ಏನಮ್ಮಾ? ಹೊರಗಡೆ ಕೂತ್ಕೋ. ಮುಂದಿನೋರು ಬರ್ಲಿ."

ಮೆಟ್ಟಿಲು ಇಳಿಯುವಾಗ ಅಣ್ಣನನ್ನು ಕೇಳಿದೆ.

"ಅಣ್ಣಾ, ಡಾಕ್ಟ್ರು ಇವತ್ತು ಆ ಪದ ಹೇಳ್ಲೇ ಇಲ್ಲ ಅಲ್ವಾ?"

"ಯಾವ ಪದ?"

"ಈಗ ಒಳಗೆ ಹೇಳಿದ್ಯಲ್ಲ."

"ಯಾವ ಡಾಕ್ಟ್ರು?"

ಅವನು ನಗಲಿ ಎಂದು ಕಾದೆ. ಅವನು ನಗಲಿಲ್ಲ.

ಮರುದಿನ ಅಂಗಡಿಯಿಂದ ಬಿಡುವು ಕೇಳಿಕೊಂಡು ನಿಮ್ಮ ಕಚೇರಿಗೆ ಬಂದೆ. ಕಿಟಕಿಯ ಗುಮಾಸ್ತರಿಗೆ ಮರುಪರೀಕ್ಷೆ ಬೇಕೆಂದು ಹೇಳಿದೆ. ಗಂಟಲು ಕಟ್ಟುವ ಮುಂಚೆ ಹೇಳಿ ಮುಗಿಸಲು ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿದ್ದೆ.

"ಡಾಕ್ಟ್ರು ಸಹಿ ಹಾಕಾಗಿದೆಯಲ್ಲಮ್ಮ. ಬೇಕಿದ್ರೆ ನಿಮ್ಮಣ್ಣನೇ ಬಂದು, ನನಗೆ ಮರೆವು ಅಂತ ಹೇಳ್ಲಿ. ಮನೆಯವರು ಹೇಳಿದ್ರೆ ಆಗಲ್ಲ."

ಅಂದರೆ ಮರೆವಿನವನು ತನಗೆ ಮರೆವಿದೆ ಎಂಬುದನ್ನು ನೆನಪಿಟ್ಟುಕೊಂಡು, ಮರೆತ ದಾರಿಯನ್ನು ನೆನಪು ಮಾಡಿಕೊಂಡು, ನಿಮ್ಮ ಕಿಟಕಿಗೆ ಬಂದು ನಿಲ್ಲಬೇಕು. ಇಂಥ ನಿಯಮ ಬರೆಯಲು ಎಷ್ಟು ಓದಿರಬೇಕು ಎಂದು ನನಗೆ ನಿಜವಾಗಿಯೂ ತಿಳಿಯದು.

ಗುರುಗಳ ಕಾಲಿಗೂ ಬಿದ್ದೆ. "ನಾನೇನು ಡಾಕ್ಟ್ರಾ? ದೊಡ್ಡೋರು ನೋಡಿ ಸರಿ ಅಂದ್ಮೇಲೆ ನಾನು ಇಲ್ಲ ಅಂತ ಹೇಗೆ ಹೇಳ್ಲಿ ಮಗಳೇ?" ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಪಂದ್ಯ ನಡೆಸುವವರು ಗುರುಗಳನ್ನು ನಂಬಿದ್ದಾರೆ, ಗುರುಗಳು ನಿಮ್ಮನ್ನು, ನೀವು ಕುರ್ಚಿ, ಸೇಬು, ರೈಲನ್ನು. ಎಲ್ಲರೂ ಒಬ್ಬರ ಬೆನ್ನಿಗೆ ಒಬ್ಬರು ಒರಗಿ ನಿಂತಿದ್ದೀರಿ. ಕಟ್ಟಕಡೆಗೆ ನೀವೆಲ್ಲ ಒರಗಿರುವುದು ನನ್ನ ಅಣ್ಣನ ತಲೆಗೆ.

ಉಳಿದವನು ಅಣ್ಣ. ಅವನನ್ನೂ ಕೇಳಿದೆ. ಬೇಡ ಅನ್ನು, ಒಂದು ಸಲ ಬೇಡ ಅನ್ನು ಎಂದು ಅತ್ತೆ.

"ನನ್ನ ತಲೆಗೆ ನಿನಗ್ಯಾಕೆ ನೋವು?" ಎಂದ. ಆಮೇಲೆ ನನ್ನ ಕಣ್ಣೊರೆಸಿ ಹೇಳಿದ: "ಅಲ್ಲಿ ಗಂಟೆ ಹೊಡೆದ ತಕ್ಷಣ ನನಗೆ ಎಲ್ಲ ಗೊತ್ತಾಗುತ್ತೆ ಕಣೆ. ಎಲ್ಲಿ ನಿಲ್ಬೇಕು, ಯಾವ ಕಡೆ ಬಾಗ್ಬೇಕು, ಎಲ್ಲ. ಹೊರಗೆ ಬಂದ್ರೇನೇ ಕಷ್ಟ."

ಅವನಿಗೆ ಗೊತ್ತಿದೆ, ಮಾನ್ಯರೇ. ತನ್ನೊಳಗೆ ಏನೋ ಕಳಚಿ ಬೀಳುತ್ತಿರುವುದು ಅವನಿಗೆ ಗೊತ್ತಿದೆ. ಅವನು ಇನ್ನೂ ದಾರಿ ತಪ್ಪದೆ ಇರುವ ಜಾಗ ಅದೊಂದೇ, ಅವನನ್ನು ಕೊಲ್ಲುವ ಜಾಗವೂ ಅದೇ. ಅಲ್ಲಿಂದ ಅವನನ್ನು ಹೊರಗೆ ಕರೆತರುವ ಶಕ್ತಿ ತಂಗಿಗಿಲ್ಲ, ತಾಯಿಗಿಲ್ಲ. ನಿಮ್ಮ ಸಹಿಗಿದೆ. ಅವನು ನನ್ನ ಮೇಲೆ ಸಿಟ್ಟಾಗಬಹುದು, ಈ ಪತ್ರ ಓದಿಸಿಕೊಂಡ ಮೇಲೆ ನನ್ನ ಜೊತೆ ಮಾತು ಬಿಡಬಹುದು. ಮಾತು ಬಿಡಲು ಮನುಷ್ಯ ಇರಬೇಕು. ನನಗೆ ಅಷ್ಟು ಸಾಕು.

ಆದ್ದರಿಂದ ನನ್ನ ಬೇಡಿಕೆ ಇದು. ಇದನ್ನು ವಿನಂತಿ ಎಂದು ಬರೆಯಬೇಕಿತ್ತೇನೋ, ನನಗೆ ಈಗ ಅಷ್ಟು ವಿನಯ ಉಳಿದಿಲ್ಲ. ಶನಿವಾರಕ್ಕೆ ಮುಂಚೆ ಅಣ್ಣನನ್ನು ಮತ್ತೆ ಕರೆಸಿ. ತಲೆಯ ಸ್ಕ್ಯಾನ್ ಮಾಡಿಸಿ. ಯಾರೂ ಹಗ್ಗ ಜಿಗಿಯುತ್ತಾ ಕಲಿಯಲಾಗದ ಪ್ರಶ್ನೆ ಕೇಳಿ. ಮನೆಯಿಂದ ಇಲ್ಲಿಗೆ ಯಾವ ದಾರಿಯಲ್ಲಿ ಬಂದೆ? ಹೊರಡುವಾಗ ನಿಮ್ಮಮ್ಮ ಏನೆಂದಳು? ಎಪ್ಪತ್ತೆರಡಾದ ಮೇಲೆ "ಸಾಕು" ಎನ್ನಬೇಡಿ, "ಮುಂದೆ?" ಎನ್ನಿ. ಹೊಸ ಪದಗಳನ್ನು ಹೇಳಿ, ದಯವಿಟ್ಟು ನಿಜವಾಗಿಯೂ ಹೇಳಿ. ಆ ಜಿಮ್ಮಿನ ಪ್ರತಿಯೊಬ್ಬನನ್ನೂ ಹೀಗೇ ನೋಡಿ. ನಿಮ್ಮ ಕಾರಿನ ಬ್ರೇಕಿಗೆ ನೀವು ತೋರಿಸಿದಷ್ಟು ಕಾಳಜಿ ಸಾಕು, ಹೆಚ್ಚು ಬೇಡ. ಅಣ್ಣ ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿ, ಸ್ಕ್ಯಾನೂ ಚೆನ್ನಾಗಿ ಬಂದರೆ, ಇದೇ ಪತ್ರಿಕೆಯಲ್ಲಿ ನಾನು ನಿಮ್ಮ ಕ್ಷಮೆ ಕೇಳುತ್ತೇನೆ. ನಾನು ಸೋಲಬೇಕೆಂದು ನನಗಿಂತ ಹೆಚ್ಚು ಬಯಸುವವರು ಯಾರೂ ಇಲ್ಲ.

ಈ ಬೆಳಿಗ್ಗೆ ಅಣ್ಣ ಅಭ್ಯಾಸಕ್ಕೆ ಹೊರಡುವ ಮುನ್ನ ಮಂಚದ ತುದಿಯಲ್ಲಿ ಕೂತು ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಒಂದು ಪಟ್ಟಿಯನ್ನು ಎಡಗೈಗೆ ಸುತ್ತಿದ. ಎರಡನೆಯದನ್ನು ತೆಗೆದುಕೊಂಡು ಅದರ ಮೇಲೆಯೇ, ಅಷ್ಟೇ ಅಚ್ಚುಕಟ್ಟಾಗಿ, ಮತ್ತೆ ಎಡಗೈಗೇ ಸುತ್ತಿದ. ಆಮೇಲೆ ಬರಿಗೈಯಾಗಿದ್ದ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ನಾನು ಹೋಗಿ ಪಕ್ಕದಲ್ಲಿ ಕೂತು, ಮೇಲಿನ ಪಟ್ಟಿಯನ್ನು ಬಿಚ್ಚಿ ಅವನ ಬಲಗೈಗೆ ಸುತ್ತಿಕೊಟ್ಟೆ.

ಇಂತಿ,
ನಿಮ್ಮ ಕೋಣೆಯಲ್ಲಿ ಎದ್ದು ನಿಂತೂ ಕಾಣಿಸದೇ ಹೋದವಳು,
ಗೋಡೆಯ ತಂಗಿ