ಮೂರನೇ ಹಂತದ ಬೀಗ

ಜೂನ್ ೧೧, ಬುಧವಾರ.
ಆರು ವರ್ಷದಿಂದ ಚುಚ್ಚುತ್ತಿದ್ದ ಮುಳ್ಳು ಇಂದು ಹೊರಬಂತು! ಅಂದು ನಮ್ಮ ಔಷಧಿ ಗೋದಾಮಿನಿಂದ ತಪ್ಪು ಪೆಟ್ಟಿಗೆಗಳು ಹೋದಾಗ, ಅವನ್ನು ಕಳಿಸಿದವರೆಂದು ಕಂಪ್ಯೂಟರಿನಲ್ಲಿದ್ದದ್ದು ಸ್ಟೋರಿನಲ್ಲಿ ಕೆಲಸ ಮಾಡುವ ಅಕ್ಕನ ಹೆಸರು. ಆ ದಿನ ತಾನು ರಜೆಯಲ್ಲಿದ್ದೆ ಎಂದು ಅಕ್ಕ ಹೇಳಿದರೂ ಮ್ಯಾನೇಜರು ಬಿಡಲಿಲ್ಲ. “ಪಾಸ್‌ವರ್ಡ್ ಯಾರಿಗೆ ಕೊಟ್ಟೆ, ಹೇಳು!” ಎಂದು ಗದರಿ ಮೆಮೊ ಕೊಟ್ಟರು.

ಇಂದು ಬೆಳಿಗ್ಗೆ, ಇಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನಾನೇ ಅವುಗಳ ಭದ್ರತೆಯನ್ನು ಮೂರನೇ ಹಂತಕ್ಕೇರಿಸಿ, ಹಳೆಯ ಪಾಸ್‌ವರ್ಡ್‌ಗಳನ್ನೆಲ್ಲ ರದ್ದು ಮಾಡಿದೆ. ಹನ್ನೊಂದಕ್ಕೆ ಮ್ಯಾನೇಜರು ತಮ್ಮ ಕೋಣೆಯಿಂದಲೇ ಅಕ್ಕನಿಗೆ ಕೂಗಿ ಹೇಳಿದರು: “ಏನಮ್ಮಾ, ನಿನ್ನ ಪಾಸ್‌ವರ್ಡ್ ತಗೊಳ್ತಾನೇ ಇಲ್ವಲ್ಲ!”

ಅಕ್ಕ ಪೆಟ್ಟಿಗೆಗೆ ಚೀಟಿ ಅಂಟಿಸುತ್ತಲೇ ಕೇಳಿದಳು: “ಅದು ನಿಮಗೆ ಹೇಗೆ ಗೊತ್ತು ಸಾರ್?”

ಇಡೀ ಗೋದಾಮು ಕೇಳಿಸಿಕೊಂಡಿತು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡ ಮಹಾನುಭಾವ!

ಆ ಮೆಮೊದ ನಕಲು ನನ್ನಲ್ಲಿದೆ. ನಾಳೆ ಅವರ ಮೇಜಿನ ಮೇಲಿಡುತ್ತೇನೆ. ಅವರ ಕೈಯಿಂದಲೇ ಅದನ್ನು ಹರಿದುಹಾಕಿಸುವವರೆಗೆ ನಾನು ಬಿಡುವುದಿಲ್ಲ!