ಡ್ರಮ್ಮಿನ ಮೇಲಿನ ಹೆಸರು

ಮೋರ್‌ಕ್ಯಾಂಬ್
೯ ಮೇ ೧೯೩೪

ಪ್ರೀತಿಯ ಅಪ್ಪನಿಗೆ,

ಹೆಸ್ಟರ್ ಬರೆಯುತ್ತಿದ್ದೇನೆ. ‘ಪ್ರೀತಿಯ’ ಅನ್ನುವುದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ಕೋಪ ಇನ್ನೂ ಇಳಿದಿಲ್ಲ. ಈ ತಿಂಗಳ ವಿಟ್ಸನ್ ಹಬ್ಬದ ರಜೆಗೆ ಇಲ್ಲಿಗೆ ಬಂದು ಅಳಿಯನನ್ನೂ ಬೀಗರನ್ನೂ ನೋಡುತ್ತೇನೆಂದು ತಂತಿ ಕೊಟ್ಟಿದ್ದೀರಿ. ಹೊರಡುವ ಮೊದಲು ಒಂದು ವಿಷಯ ನಿಮಗೆ ಗೊತ್ತಿರಬೇಕು. ಇಲ್ಲಿಯವರ ಲೆಕ್ಕದಲ್ಲಿ ನೀವು ಆಗಲೇ ಬಂದು ಹೋಗಿದ್ದೀರಿ.

ಮದುವೆಯ ದಿನ ಮಧ್ಯಾಹ್ನ ಎರಡು ಗಂಟೆಯಿಂದ ಹೋಟೆಲಿನ ಬಾಗಿಲಲ್ಲೇ ನಿಂತಿದ್ದೆ. ಬ್ಯಾಂಡಿನ ಜೊತೆ ನಾನೇ ಬರುತ್ತೇನೆ, ಮೊದಲ ವಾಲ್ಟ್ಸ್ ಕುಣಿತ ನಿನ್ನ ಜೊತೆ ನನ್ನದೇ ಎಂದು ಬರೆದಿದ್ದಿರಲ್ಲ. ಅದನ್ನು ಊರಿಗೆಲ್ಲ ಹೇಳಿಕೊಂಡಿದ್ದೆ. ನನ್ನ ಅತ್ತೆಗೆ ಶನಿವಾರ ರೇಡಿಯೋದಲ್ಲಿ ನಿಮ್ಮ ಬ್ಯಾಂಡು ಕೇಳದಿದ್ದರೆ ಊಟ ಸೇರುವುದಿಲ್ಲ. ನಾನು ನಿಮ್ಮ ಮಗಳೆಂದರೆ ಮಾತ್ರ ನಂಬುತ್ತಿರಲಿಲ್ಲ. ‘ಅಂಥವರ ಮಗಳು ಬಿಸ್ಕತ್ ಅಂಗಡೀಲಿ ಯಾಕಮ್ಮ ತಕ್ಕಡಿ ಹಿಡೀತಾಳೆ?’ ಎಂದು ಎಲ್ಲರೆದುರು ಕೇಳಿದ್ದರು.

ವ್ಯಾನು ಬಂತು. ಬಿಳಿ ಕೋಟಿನ ಎಂಟು ಜನ ಇಳಿದರು. ಡ್ರಮ್ಮಿನ ಮೇಲೆ ಬಂಗಾರದ ಅಕ್ಷರಗಳಲ್ಲಿ ‘ಲೆಸ್ಲಿ ಹಾರ್ಬಾಟಲ್ ಮತ್ತು ಸಂಗಡಿಗರು’ ಎಂದಿತ್ತು. ನೀವು ಇಳಿಯಲಿಲ್ಲ. ಒಂದೇ ದಿನ ಐದು ಊರಿಗೆ ನಿಮ್ಮ ಹೆಸರಿನ ಐದು ಬ್ಯಾಂಡು ಹೋಗುತ್ತವೆ, ಮುಂದೆ ಕೋಲು ಹಿಡಿದು ನಿಲ್ಲುವವನು ಕೂಲಿಯವನು ಎಂದು ಅಮ್ಮ ಬದುಕಿದ್ದಾಗ ಹೇಳುತ್ತಿದ್ದಳು. ನನ್ನ ಮದುವೆಗೂ ಹಾಗೇ ಮಾಡುತ್ತೀರೆಂದು ನಾನು ಅಂದುಕೊಂಡಿರಲಿಲ್ಲ.

ನಿಮ್ಮ ಬದಲಿಗೆ ಬಂದವರು ಟಕ್‌ವೆಲ್ ಎಂಬ ಪಿಟೀಲಿನವರು, ಅರವತ್ತು ದಾಟಿದವರು. ‘ಕೊನೇ ಗಳಿಗೇಲಿ ಲಂಡನ್ನಿಂದ ಫೋನು ಬಂತಮ್ಮ. ನಿಮ್ಮಪ್ಪನಿಗೆ ಇವತ್ತು ರೆಕಾರ್ಡಿಂಗ್ ಅಂತೆ’ ಎಂದು ತಲೆ ತಗ್ಗಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ಅವರ ಎರಡೂ ಕೈ ಹಿಡಿದುಕೊಂಡರು. ‘ಅಂತೂ ಬಂದ್ರಲ್ಲ ಬೀಗರೇ. ಪೇಪರಿನ ಫೋಟೋದಲ್ಲಿ ಇನ್ನೂ ಚಿಕ್ಕೋರ ಥರ ಕಾಣ್ತಿದ್ರಿ.’

ಟಕ್‌ವೆಲ್ ನನ್ನ ಮುಖ ನೋಡಿದರು. ನಿಜ ಹೇಳಲು ಒಂದು ಮಾತು ಸಾಕಿತ್ತು. ನೆಂಟರೆಲ್ಲ ನಮ್ಮನ್ನೇ ನೋಡುತ್ತಿದ್ದರು. ‘ಅಪ್ಪ, ಇವರು ನನ್ನ ಅತ್ತೆ’ ಎಂದುಬಿಟ್ಟೆ.

ಆಮೇಲೆ ಟಕ್‌ವೆಲ್ ಒಂದು ಕ್ಷಣವೂ ನನ್ನ ಕೈ ಬಿಡಲಿಲ್ಲ. ಪಿಟೀಲನ್ನು ಕುರ್ಚಿಯ ಮೇಲಿಟ್ಟು ಮೊದಲ ವಾಲ್ಟ್ಸ್‌ಗೆ ಇಳಿದರು, ಮೂರನೇ ಸುತ್ತಿಗೇ ನನ್ನ ಕಾಲು ತುಳಿದರು. ‘ನಲವತ್ತು ವರ್ಷ ಊರೋರನ್ನೆಲ್ಲ ಕುಣಿಸಿದ್ದೇ ಆಯ್ತು, ನಾನು ಕುಣಿಯೋದು ಕಲೀಲೇ ಇಲ್ಲ’ ಎಂದು ಪಿಸುಗುಟ್ಟಿದರು. ಸ್ಯಾಕ್ಸೊಫೋನಿನವರಿಬ್ಬರು ನಿಮ್ಮ ರೇಡಿಯೋ ಹಾಡುಗಳನ್ನು ನಿಮ್ಮ ಹಾಗೆಯೇ ನುಡಿಸಿದರು, ಕಣ್ಣು ಮುಚ್ಚಿದರೆ ನೀವೇ. ಚಹಾ ಕುಡಿಯುವಾಗ ಟಕ್‌ವೆಲ್ ನನ್ನ ಗಂಡ ವಿಲ್ಫ್ರೆಡ್‌ಗೆ, ‘ನನ್ನ ಮಗಳನ್ನ ಅಳಿಸಿದ್ರೆ ಈ ಟ್ರಂಬೋನಿನೋನನ್ನ ತಂದು ನಿಮ್ಮ ಕಿಟಕಿ ಕೆಳಗೆ ರಾತ್ರಿಯೆಲ್ಲ ಊದಿಸ್ತೀನಿ ನೋಡಪ್ಪ’ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಧ್ಯಾಹ್ನ ನನಗೆ ನಿಜವಾಗಿಯೂ ಸಂತೋಷವಾಗಿತ್ತು ಅಪ್ಪ. ಅದಕ್ಕೇ ನಿಮ್ಮ ಮೇಲೆ ಇಷ್ಟು ಕೋಪ.

ವಿಲ್ಫ್ರೆಡ್‌ಗೆ ಮಾರನೇ ದಿನವೇ ಹೇಳಿದೆ. ಅತ್ತೆಗೆ ಹೇಳಿಲ್ಲ. ನೀವು ಬಂದರೆ ಬಾಗಿಲು ತೆರೆಯುವವರು ಅವರೇ. ಮೂರು ವಾರದ ಸೊಸೆ ಸುಳ್ಳುಗಾತಿ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಚಿಕ್ಕಪ್ಪನೆಂದು ಹೇಳಿಕೊಂಡು ಬನ್ನಿ ಎಂದು ಮೊದಲು ಬರೆದೆ, ಆ ಹಾಳೆ ಹರಿದು ಒಲೆಗೆ ಹಾಕಿದೆ. ನನಗೆ ಏಳು ವರ್ಷವಾಗಿದ್ದಾಗ ನೀವು ಮನೆ ಬಿಟ್ಟಿರಿ. ಅಂದಿನಿಂದ ನಮ್ಮ ಮನೆಗೆ ಬಂದಿದ್ದು ನಿಮ್ಮ ಹೆಸರೊಂದೇ. ಈಗ ನೀವು ಬೇರೆಯವರಾಗಿ ಬರುವುದು ನನಗೆ ಬೇಡ. ಭಾನುವಾರ ಅತ್ತೆಯನ್ನು ಕೂರಿಸಿಕೊಂಡು ಎಲ್ಲ ಹೇಳುತ್ತೇನೆ, ಅವರು ಬೈದರೆ ಬೈಸಿಕೊಳ್ಳುತ್ತೇನೆ. ನೀವು ಬನ್ನಿ. ಈ ಸಲ ಯಾರನ್ನೂ ಕಳಿಸಬೇಡಿ.

ನಿಮ್ಮ
ಗುಬ್ಬಿ

ಮರೆತ ಮಾತು: ಸಹಿ ನೋಡಿ ಯಾರಿದು ಅಂದುಕೊಳ್ಳಬೇಡಿ. ವಾಲ್ಟ್ಸ್ ಶುರುವಾಗುವ ಮೊದಲು ಟಕ್‌ವೆಲ್ ನನ್ನ ಕಿವಿಯಲ್ಲಿ, ‘ಮನೇಲಿ ನಿಮ್ಮಪ್ಪ ನಿಮ್ಮನ್ನ ಏನಂತ ಕರೀತಿದ್ರು?’ ಎಂದು ಕೇಳಿದರು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ, ಬಾಯಿಗೆ ಬಂದ ‘ಗುಬ್ಬಿ’ ಎಂಬ ಹೆಸರು ಹೇಳಿದೆ. ಆ ಮಧ್ಯಾಹ್ನವೆಲ್ಲ ಅವರು ಎಲ್ಲರೆದುರು ಹಾಗೇ ಕರೆದರು. ಈಗ ಈ ಮನೆಯವರೆಲ್ಲ ನನ್ನನ್ನು ಹಾಗೇ ಕರೆಯುತ್ತಾರೆ. ನೀವು ಕರೆಯುತ್ತಿದ್ದ ಹೆಸರು ಬೇರೆ ಯಾವುದಾದರೂ ಇದ್ದರೆ, ಬಂದಾಗ ಹೇಳಿ.